ಬಾಚಿಹಲ್ಲಿಗೆ ರಕ್ತ ಹೊತ್ತು ತಂದ ಕಲೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಹಳ್ಳಿ ಶಾಲೆಗಳಲ್ಲಿ ಮಕ್ಕಳು ನಕ್ಕಾಗ ಮೇಲ್ಸಾಲಿನ ಬಾಚಿಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಬಿಳಿಚಿದ ಪಟ್ಟೆ, ಅದರ ನಡುವೆ ಕಂದು ಕಲೆ ಕಾಣುವುದು ಅಪರೂಪವೇನಲ್ಲ. ಅದಕ್ಕೆ ಮನೆಯಲ್ಲೂ ಶಾಲೆಯಲ್ಲೂ ಸಿಗುವ ಮೊದಲ ವಿವರಣೆ ಒಂದೇ: ಈ ಮಗು ಸರಿಯಾಗಿ ಹಲ್ಲುಜ್ಜುವುದಿಲ್ಲ. ಅಲ್ಲಿಂದ ಮನೆಮದ್ದು ಶುರು. ಇದ್ದಿಲು, ಇಟ್ಟಿಗೆಪುಡಿ, ಉಪ್ಪು, ನಿಂಬೆಹಣ್ಣು, ಗಡುಸಾದ ಬ್ರಷ್ಷು, ದುಬಾರಿ ಪೇಸ್ಟು. ಒಸಡು ತರಚಿ ರಕ್ತ ಬರುತ್ತದೆಯೇ ಹೊರತು ಕಲೆ ಹೋಗುವುದಿಲ್ಲ. ಮಗುವಿಗೆ ಬೈಗುಳವೂ ತಪ್ಪುವುದಿಲ್ಲ. ಆರೋಪ ಸುಳ್ಳು ಎಂದಷ್ಟೇ ಹೇಳಿ ಸುಮ್ಮನಾಗುವಂತಿಲ್ಲ. ಆ ಹಲ್ಲು ಇನ್ನೂ ದವಡೆಯ ಮೂಳೆಯೊಳಗೆ ಮೊಗ್ಗಾಗಿದ್ದ ಕಾಲದಲ್ಲೇ ಕಲೆಯ ಮೂಲ ರಕ್ತದ ಜೊತೆ ಅಲ್ಲಿಗೆ ಹೋಗಿ ಸೇರಿರುತ್ತದೆ. ಹಾಗಿದ್ದ ಮೇಲೆ ಅದನ್ನು ತಡೆಯುವ ಜಾಗ ಬಚ್ಚಲುಮನೆಯಾಗಲು ಸಾಧ್ಯವಿಲ್ಲ. ಒಂದೆರಡು ವರ್ಷದ ಮಗುವಿಗೆ ರಾಗಿ ಸರಿ ಕಾಯಿಸುವ ಒಲೆಯ ಹತ್ತಿರವೇ ಅದನ್ನು ತಡೆಯಬೇಕು. ನಮ್ಮ ಕುಡಿಯುವ ನೀರಿನ ಯೋಜನೆಗಳು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿರುವುದೂ ಆ ಒಲೆಯನ್ನೇ.

ಮೇಲ್ದವಡೆಗೆ ರಕ್ತ ಹೋಗುವ ದಾರಿಯನ್ನು ಮೊದಲು ನೋಡೋಣ. ಕುತ್ತಿಗೆಯ ಪಕ್ಕದಲ್ಲಿ ಬೆರಳಿಟ್ಟರೆ ಮಿಡಿಯುವ ಕೆರೋಟಿಡ್ ಧಮನಿ ಮೇಲೇರುತ್ತ ಎರಡಾಗುತ್ತದೆ. ಒಳಗಿನ ಕವಲು ಮಿದುಳಿಗೆ ಮತ್ತು ಕಣ್ಣಿಗೆ, ಹೊರಗಿನದು ಮುಖಕ್ಕೆ ಮತ್ತು ದವಡೆಗಳಿಗೆ. ಈ ಹೊರಗಿನ ಕವಲಿನಿಂದ ಕಿವಿಯ ಮುಂದೆ, ದವಡೆಮೂಳೆಯ ಮರೆಯಲ್ಲಿ ಮ್ಯಾಕ್ಸಿಲರಿ ಧಮನಿ ಹುಟ್ಟುತ್ತದೆ. ಅದರ ಒಂದು ಟಿಸಿಲು ಮೇಲ್ದವಡೆಯನ್ನು ಹಿಂದಿನಿಂದ ತೂರಿ ದವಡೆಹಲ್ಲುಗಳಿಗೆ ಹೋಗುತ್ತದೆ. ಇನ್ನೊಂದು ಕಣ್ಣುಗುಡ್ಡೆಯ ಕೆಳಗಿನ ಮೂಳೆಯೊಳಗೆ ಮುಂದೆ ಸಾಗಿ, ಕೆನ್ನೆಗೆ ಹೊರಬೀಳುವ ಮೊದಲು ಒಂದು ಸಣ್ಣ ನಾಳವನ್ನು ಕೆಳಕ್ಕೆ ಬಿಡುತ್ತದೆ. ಕೋರೆಹಲ್ಲು ಮತ್ತು ಬಾಚಿಹಲ್ಲುಗಳಿಗೆ ರಕ್ತ ಸಿಗುವುದು ಆ ನಾಳದಿಂದ. (ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ನಂಬಿಕೆಗೆ ಈ ನೆರೆಹೊರೆಯೇ ಕಾರಣವಿದ್ದೀತು. ಕಣ್ಣಿನ ರಕ್ತನಾಳ ಬೇರೆ ಕವಲಿನದು; ಆ ಹೆದರಿಕೆ ಬೇಡ.) ಒಸಡಿಗೆ ಅಂಗುಳದ ಕಡೆಯಿಂದ, ತುಟಿಯ ಕಡೆಯಿಂದ, ಹಲ್ಲಿನ ಸುತ್ತಲಿನ ಮೂಳೆಯೊಳಗಿಂದ, ಹೀಗೆ ಹಲವು ದಿಕ್ಕಿನಿಂದ ರಕ್ತ ಬರುತ್ತದೆ. ಒಂದು ದಾರಿ ಕಟ್ಟಿದರೂ ಇನ್ನೊಂದು ತೆರೆದಿರುವುದರಿಂದ ಒಸಡಿನ ಗಾಯ ಬೇಗ ಮಾಯುತ್ತದೆ. ಹಲ್ಲಿನ ತಿರುಳಿಗೆ ಅಷ್ಟು ಅನುಕೂಲವಿಲ್ಲ, ಬೇರಿನ ತುದಿಯ ಕಿರಿದಾದ ರಂಧ್ರವೇ ಅದರ ಮುಖ್ಯ ದಾರಿ. ಹೊರಚಿಪ್ಪಾದ ಎನಾಮಲ್‌ಗಂತೂ ಯಾವ ದಾರಿಯೂ ಇಲ್ಲ. ನೂರಕ್ಕೆ 96 ಪಾಲು ಖನಿಜವೇ ಆಗಿರುವ ಆ ಚಿಪ್ಪಿನಲ್ಲಿ ರಕ್ತನಾಳವೂ ಇಲ್ಲ, ಜೀವಕೋಶವೂ ಇಲ್ಲ.

ಆದರೆ ಎನಾಮಲ್ ಹುಟ್ಟುವುದು ರಕ್ತದ ಆಸರೆಯಲ್ಲೇ. ಶಾಶ್ವತ ಬಾಚಿಹಲ್ಲು ಒಸಡು ಸೀಳಿ ಹೊರಬರುವುದು ಏಳು-ಎಂಟನೆಯ ವರ್ಷದಲ್ಲಾದರೂ ಅದರ ತಯಾರಿ ಮಗುವಿಗೆ ಮೂರು-ನಾಲ್ಕು ತಿಂಗಳಾದಾಗಲೇ ಹಾಲುಹಲ್ಲಿನ ಬೇರಿನ ಹಿಂದೆ ಶುರುವಾಗಿರುತ್ತದೆ. ನಾಲ್ಕು-ಐದನೆಯ ವರ್ಷದ ಹೊತ್ತಿಗೆ ಕಣ್ಣಿಗೆ ಕಾಣುವ ಭಾಗವೆಲ್ಲ ಸಿದ್ಧ. ಆ ಮೊಗ್ಗಿನ ಸುತ್ತ ತೆಳುವಾದ ಚೀಲ, ಚೀಲದ ತುಂಬ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು. ಎನಾಮಲ್ ಕಟ್ಟುವ ಜೀವಕೋಶಗಳು ಮೊದಲು ಪ್ರೋಟೀನಿನ ಹಂದರ ಹಾಕುತ್ತವೆ, ಆಮೇಲೆ ಆ ಪ್ರೋಟೀನನ್ನು ಕರಗಿಸಿ ತೆಗೆಯುತ್ತ ಖಾಲಿಯಾದ ಜಾಗಕ್ಕೆ ಕ್ಯಾಲ್ಸಿಯಂ-ಫಾಸ್ಫೇಟ್ ತುಂಬುತ್ತವೆ. ಕುಡಿಯುವ ನೀರಿನ ಮೂಲಕ ಬರುವ ಫ್ಲೋರೈಡ್ ರಕ್ತದಲ್ಲಿ ಹೆಚ್ಚಾಗಿದ್ದರೆ ಕೆಡುವುದು ಈ ಎರಡನೆಯ ಹಂತ. ಪ್ರೋಟೀನು ಹೊರಹೋಗುವುದು ತಡವಾಗುತ್ತದೆ, ಖನಿಜ ಪೂರ್ತಿ ತುಂಬುವುದಿಲ್ಲ, ಮೇಲ್ಪದರದ ಅಡಿಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಹಲ್ಲು ಹೊರಬಂದಾಗ ಆ ಭಾಗ ಹೊಳಪಿಲ್ಲದೆ ಬಿಳಿಚಿಕೊಂಡಿರುತ್ತದೆ. ವರ್ಷಗಳು ಕಳೆದಂತೆ ರಂಧ್ರಗಳು ಬಣ್ಣ ಹೀರಿ ಕಂದಾಗುತ್ತವೆ. ತೀವ್ರವಾದರೆ ಮೇಲ್ಪದರವೇ ಚಕ್ಕೆಯೆದ್ದು ಗುಳಿ ಬೀಳುತ್ತದೆ. ಇಷ್ಟರಲ್ಲಿ ಎನಾಮಲ್ ಕಟ್ಟಿದ ಜೀವಕೋಶಗಳು ಹಲ್ಲು ಹೊರಬರುವಾಗಲೇ ಅಳಿದುಹೋಗಿರುತ್ತವೆ. ಕೆಟ್ಟದ್ದನ್ನು ಮತ್ತೆ ಕಟ್ಟುವವರೇ ಅಲ್ಲಿ ಉಳಿದಿರುವುದಿಲ್ಲ.

ಕಲೆ ರಕ್ತದ ದಾರಿಯಲ್ಲೇ ಬಂತು ಎನ್ನಲು ಆಧಾರ ಏನು? ಒಂದು ಆಧಾರ ಮಗುವಿನ ಬಾಯಲ್ಲೇ ಇದೆ. ಎಡ-ಬಲದ ಎರಡು ಬಾಚಿಹಲ್ಲುಗಳ ಮೇಲೂ ಪಟ್ಟೆ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುತ್ತದೆ, ಒಂದೇ ಅಗಲವಿರುತ್ತದೆ. ಆ ಜೋಡಿ ಒಂದೇ ಕಾಲದಲ್ಲಿ, ಒಂದೇ ರಕ್ತದಿಂದ ಬೆಳೆದದ್ದು. ಹೊರಗಿನ ಕೊಳೆಗೆ ಇಂಥ ಅಚ್ಚುಕಟ್ಟು ಇರುವುದಿಲ್ಲ: ಎಲೆಅಡಿಕೆಯ ಕರೆ, ಹೊಗೆಸೊಪ್ಪಿನ ಕರೆ ಹಲ್ಲುಗಳ ಸಂದಿಯಲ್ಲಿ, ಒಸಡಿನ ಅಂಚಿನಲ್ಲಿ, ಅಗಿಯುವ ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಎಂಬಂತೆ ಕೂತಿರುತ್ತದೆ. ಇನ್ನೊಂದು ಆಧಾರಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. 1901ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಊರಿಗೆ ಹೋದ ದಂತವೈದ್ಯ ಫ್ರೆಡರಿಕ್ ಮೆಕ್ಕೇ ಅಲ್ಲಿಯ ಜನರ ಕಂದು ಹಲ್ಲು ಕಂಡು ಬೆರಗಾಗಿ ದಶಕಗಟ್ಟಲೆ ಅದರ ಬೆನ್ನುಬಿದ್ದ. ಅವನು ಗಮನಿಸಿದ್ದು ಇದು: ಅಲ್ಲೇ ಹುಟ್ಟಿ ಬೆಳೆದವರಿಗೆ ಕಲೆಯಿದೆ, ಹಲ್ಲು ಪೂರ್ತಿ ಬಲಿತ ಮೇಲೆ ವಲಸೆ ಬಂದವರು ಅದೇ ನೀರು ಎಷ್ಟು ವರ್ಷ ಕುಡಿದರೂ ಅವರಿಗೆ ಇಲ್ಲ. ಕಲೆ ಹೊರಗಿನಿಂದ ಅಂಟುವಂತಿದ್ದರೆ ಇಬ್ಬರಿಗೂ ಅಂಟಬೇಕಿತ್ತು. ಐಡಾಹೊ ರಾಜ್ಯದ ಓಕ್ಲಿ ಎಂಬ ಊರು 1925ರಲ್ಲಿ ನೀರಿನ ಮೂಲವನ್ನೇ ಬದಲಿಸಿತು. ಕೆಲವು ವರ್ಷಗಳ ಬಳಿಕ ಅಲ್ಲಿ ಹೊಸದಾಗಿ ಹುಟ್ಟಿದ ಹಲ್ಲುಗಳು ಕಲೆಯಿಲ್ಲದೆ ಬಂದವು, ಅದಕ್ಕೂ ಮೊದಲೇ ಹಲ್ಲು ಬಂದಿದ್ದ ಮಕ್ಕಳ ಕಲೆ ಹಾಗೆಯೇ ಉಳಿಯಿತು. ನೀರಿನಲ್ಲಿರುವ ಅಂಶ ಫ್ಲೋರೈಡ್ ಎಂದು 1931ರಲ್ಲಿ ಪತ್ತೆಹಚ್ಚಿದ್ದು ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್. ನಮ್ಮ ದೇಶದಲ್ಲಿ ಈ ಬಾಧೆಯ ಮೊದಲ ವೈದ್ಯಕೀಯ ವರದಿ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರನ್ನು ಹಾದುಹೋಗುವ ಉತ್ತರ ಪಿನಾಕಿನಿ ಕಡಲು ಸೇರುವುದು ಅದೇ ನೆಲ್ಲೂರಿನಲ್ಲಿ. ನದಿಗೂ ಬಾಧೆಗೂ ಸಂಬಂಧವಿಲ್ಲ. ಬಾಧೆ ಕಂಡ ಎರಡೂ ಕಡೆ ನೆಲದಡಿಯಲ್ಲಿರುವುದು ಗಟ್ಟಿಬಂಡೆ.

ನಮ್ಮ ಕಡೆಯ ನೀರಿಗೆ ಫ್ಲೋರೈಡ್ ಸೇರುವುದು ಆ ಬಂಡೆಯಿಂದಲೇ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಬಯೊಟೈಟ್, ಅಪಟೈಟ್, ಫ್ಲೋರೈಟ್‌ನಂಥ ಖನಿಜಗಳ ಮೇಲೆ ನೀರು ಎಷ್ಟು ಹೆಚ್ಚು ಕಾಲ ನಿಲ್ಲುತ್ತದೋ ಅಷ್ಟು ಹೆಚ್ಚು ಫ್ಲೋರೈಡ್ ಅದರೊಳಗೆ ಕರಗುತ್ತದೆ. ಕೆರೆ, ಕಲ್ಯಾಣಿ, ತೆರೆದ ಬಾವಿಯ ನೀರು ಮಳೆಗೆ ಹತ್ತಿರದ್ದು, ಅದರಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಸಾವಿರ-ಒಂದೂವರೆ ಸಾವಿರ ಅಡಿ ಕೊರೆದು ತೆಗೆದ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತದ್ದು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ದ್ರಾಕ್ಷಿ, ಹೂವು, ಟೊಮೆಟೊ, ಹಿಪ್ಪುನೇರಳೆ ಎಲ್ಲಕ್ಕೂ ಕೊಳವೆಬಾವಿಯೇ ಗತಿ. ಕೇಂದ್ರ ಅಂತರ್ಜಲ ಮಂಡಳಿ ಈ ನಾಲ್ಕೂ ತಾಲ್ಲೂಕುಗಳನ್ನು ಅಂತರ್ಜಲದ ಅತಿಬಳಕೆಯ ಪಟ್ಟಿಗೆ ಸೇರಿಸಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ರೀಲರ್‌ಗಳಿಗೆ ನೀರು ಗಡುಸಾದರೆ ನೂಲಿನ ಹೊಳಪು ಕೆಡುತ್ತದೆಂದು ಗೊತ್ತು. ಗೂಡು ಬೇಯಿಸುವ ನೀರಿನ ಬಗ್ಗೆ ಇರುವ ಆ ಎಚ್ಚರ ಮಗುವಿನ ಗಂಜಿ ಬೇಯಿಸುವ ನೀರಿನ ಬಗ್ಗೆ ಇರುವುದಿಲ್ಲ.

ಗಂಜಿಯನ್ನೇ ಯಾಕೆ ಹಿಡಿದುಕೊಂಡಿದ್ದೇನೆಂದರೆ, ಮೇಲಿನ ಬಾಚಿಹಲ್ಲುಗಳ ಮಟ್ಟಿಗೆ ಕಾಲ ಬಹಳ ಮುಖ್ಯ. ಹಾಂಗ್‌ಕಾಂಗ್ ನಗರ 1978ರಲ್ಲಿ ತನ್ನ ನಲ್ಲಿನೀರಿನ ಫ್ಲೋರೈಡನ್ನು ಇಳಿಸಿತು. ಆ ಬದಲಾವಣೆಯ ಹಿಂದೆಮುಂದೆ ಹುಟ್ಟಿದ ಮಕ್ಕಳ ಮೇಲಿನ ಬಾಚಿಹಲ್ಲುಗಳನ್ನು ಹೋಲಿಸಿ ಎವಾನ್ಸ್ ಮತ್ತು ಸ್ಟಾಮ್ ಎಂಬ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅತಿ ಸೂಕ್ಷ್ಮವಾದ ಅವಧಿ 22ನೆಯ ತಿಂಗಳಿನಿಂದ ಸುಮಾರು ನಾಲ್ಕು ತಿಂಗಳು. ಅಷ್ಟು ಕಿರಿದಾದ ಅವಧಿಯೊಂದನ್ನೇ ಹೊಣೆ ಮಾಡಲಾಗದು, ಒಟ್ಟು ಎಷ್ಟು ವರ್ಷ ಫ್ಲೋರೈಡ್ ಸೇರಿತು ಎಂಬುದು ಇನ್ನೂ ಮುಖ್ಯ ಎಂದು ಬೇರೆ ಸಂಶೋಧಕರು ವಾದಿಸಿದ್ದಾರೆ. ಅದು ಒಪ್ಪತಕ್ಕ ಮಾತು. ಎರಡನ್ನೂ ಸೇರಿಸಿ ನೋಡಿದರೂ ಮೊದಲ ನಾಲ್ಕು ವರ್ಷಗಳಿಂದ ಆಚೆಗೆ ಬಾಚಿಹಲ್ಲಿನ ಹಣೆಬರಹ ಹೋಗುವುದಿಲ್ಲ. ಆ ವಯಸ್ಸಿನ ಮಗು ಲೋಟದಲ್ಲಿ ಕುಡಿಯುವ ನೀರು ಎಷ್ಟು? ಅದರ ಹೊಟ್ಟೆ ಸೇರುವ ನೀರಿನ ದೊಡ್ಡ ಪಾಲು ಅಡುಗೆಯಲ್ಲಿರುತ್ತದೆ: ರಾಗಿ ಸರಿ, ಮೆತ್ತಗೆ ಬೇಯಿಸಿದ ಅನ್ನ, ಬೇಳೆಕಟ್ಟು, ಮುದ್ದೆ, ನೀರು ಬೆರೆಸಿದ ಹಾಲು, ಬೇಡವೆಂದರೂ ಕೊಡುವ ಟೀ. ಕುದಿಸಿದರೆ ಫ್ಲೋರೈಡ್ ಆವಿಯಾಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 1.3 ಮಿಲಿಗ್ರಾಂ ಮೀರಬಾರದೆಂದು ಅಮೆರಿಕದ ವೈದ್ಯಕೀಯ ಸಂಸ್ಥೆ ಮಿತಿ ಹಾಕಿದೆ. ಭಾರತೀಯ ಮಾನಕ ಬ್ಯೂರೋ ಲೀಟರಿಗೆ 1 ಮಿಲಿಗ್ರಾಂ ಇರಲಿ ಎನ್ನುತ್ತದೆ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪುತ್ತದೆ. ಅಂದರೆ ಕಾಗದದ ಮೇಲೆ ಪಾಸಾದ 1.5ರ ನೀರಿನಲ್ಲೇ ದಿನಕ್ಕೆ ಒಂದು ಲೀಟರ್ ಮಗುವಿನ ಹೊಟ್ಟೆಗೆ ಹೋದರೂ ಮಿತಿ ದಾಟಿತು. ಎದೆಹಾಲಿನ ಮಾತು ಬೇರೆ. ತಾಯಿ ಕುಡಿಯುವ ನೀರಿನ ಫ್ಲೋರೈಡಿನಲ್ಲಿ ಹಾಲಿಗೆ ಇಳಿಯುವುದು ತುಂಬಾ ಅಲ್ಪ. ಎದೆಹಾಲು ಬಿಡಿಸಿ ಬೋರ್ ನೀರಿನ ಅಡುಗೆಗೆ ಮಗು ದಾಟುವ ಗಳಿಗೆಯೇ ಅಪಾಯದ್ದು.

ಒಂದೇ ಮನೆಯ ಅಕ್ಕನಿಗೆ ಕಲೆ, ತಮ್ಮನಿಗಿಲ್ಲ. ನೀರಿನ ದೋಷವಾದರೆ ಇಬ್ಬರಿಗೂ ಬರಬೇಡವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಇಬ್ಬರ ಎರಡನೆಯ ವರ್ಷವೂ ಒಂದೇ ಕೊಳವೆಬಾವಿಯದ್ದಾಗಿರಬೇಕಿಲ್ಲ. ಇಲ್ಲಿ ಊರಿನ ಬೋರ್ ಬತ್ತುವುದು, ಇನ್ನೊಂದು ಕಡೆ ಕೊರೆಸುವುದು, ಬೇಸಿಗೆಯಲ್ಲಿ ಟ್ಯಾಂಕರ್ ಬರುವುದು ಮಾಮೂಲಿ. ಕೂಗಳತೆಯ ದೂರದ ಎರಡು ಬಾವಿಗಳಲ್ಲೇ ಫ್ಲೋರೈಡ್ ಬೇರೆಬೇರೆ ಇರುತ್ತದೆ. ಒಬ್ಬಳು ಅಜ್ಜಿಯ ಊರಲ್ಲಿ ಬೆಳೆದಿರಬಹುದು, ಒಬ್ಬ ಹೆಚ್ಚು ಕಾಲ ಎದೆಹಾಲು ಕುಡಿದಿರಬಹುದು. ಊಟದಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಫ್ಲೋರೈಡ್ ಕರುಳಿನಿಂದ ರಕ್ತಕ್ಕೆ ಹೋಗುವುದೂ ತಗ್ಗುತ್ತದೆ. ಹಾಗಾಗಿ ಈ ವ್ಯತ್ಯಾಸ ನನ್ನ ವಾದಕ್ಕೆ ಅಡ್ಡಿಯಾಗುವುದಿಲ್ಲ. ಯಾವ ಮಗುವಿನ ಯಾವ ವರ್ಷದಲ್ಲಿ ಯಾವ ನೀರು ಎಂಬುದನ್ನು ಕೆದಕಿ ನೋಡಿದರೆ ಉತ್ತರ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಟೂತ್‌ಪೇಸ್ಟಿನದು. ಹಲ್ಲು ಹುಳುಕಾಗದಿರಲು ಫ್ಲೋರೈಡ್ ಬೇಕೆಂದು ದಂತವೈದ್ಯರೇ ಹೇಳುತ್ತಾರಲ್ಲ, ಅದನ್ನೇ ವಿಷವೆನ್ನುವುದು ಹೇಗೆ? ದಾರಿ ಮತ್ತು ವಯಸ್ಸು ಬೇರೆಯಾದರೆ ಫಲವೂ ಬೇರೆಯಾಗುತ್ತದೆ. ಬಾಯಿಗೆ ಬಂದ ಹಲ್ಲಿನ ಮೇಲ್ಮೈಗೆ ಪೇಸ್ಟಿನ ಫ್ಲೋರೈಡ್ ತಾಗಿದಾಗ ಆಮ್ಲ ತಿಂದ ಎನಾಮಲ್‌ಗೆ ಖನಿಜ ಮರಳಿ ಕೂರಲು ಅನುಕೂಲ. ಅದನ್ನು ಉಗಿಯುತ್ತೇವೆ, ರಕ್ತಕ್ಕೆ ಸೇರುವುದು ಅಲ್ಪ. ಹೊಟ್ಟೆಗೆ ಹೋದದ್ದರ ಕಥೆ ಬೇರೆ: ಅರ್ಧ-ಒಂದು ಗಂಟೆಯೊಳಗೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ಮೂತ್ರಪಿಂಡ ಹೊರಹಾಕಿ ಉಳಿದದ್ದು ಮೂಳೆಗೂ ಬೆಳೆಯುವ ಹಲ್ಲಿಗೂ ಸೇರುತ್ತದೆ, ಮಕ್ಕಳಲ್ಲಿ ಆ ಉಳಿಕೆಯ ಪಾಲು ದೊಡ್ಡವರಿಗಿಂತ ಹೆಚ್ಚು. ಪೇಸ್ಟ್ ನುಂಗುವ ವಯಸ್ಸಿನ ಮಗುವಿಗೆ ಅಕ್ಕಿಕಾಳಿನಷ್ಟು, ಉಗಿಯಲು ಕಲಿತ ಮೇಲೆ ಬಟಾಣಿಯಷ್ಟು ಸಾಕು ಎನ್ನುವುದು ಇದಕ್ಕಾಗಿಯೇ. ಬೋರ್ ನೀರಿನ ಊರುಗಳಲ್ಲಿ ಬ್ರಷ್ಷಿನ ಉದ್ದಕ್ಕೂ ಪೇಸ್ಟ್ ಹಿಂಡಿ ಕೊಡುವುದು ತಪ್ಪು. ಅದಕ್ಕೆ ಹೆದರಿ ಪೇಸ್ಟನ್ನೇ ಬಿಡಿಸುವುದೂ ತಪ್ಪು.

ಈಗ ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ, ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ, ಸಮಸ್ಯೆ ಮುಗಿದಂತಲ್ಲವೇ? ಅರ್ಧ ಮುಗಿದಿದೆ ಎನ್ನಬೇಕು. ಅಲ್ಲಿರುವ ಆರ್‌ಒ ಯಂತ್ರ ಕೆಲಸ ಮಾಡುತ್ತಿದ್ದಾಗ ಫ್ಲೋರೈಡಿನ ಬಹುಪಾಲನ್ನು ತೆಗೆಯುತ್ತದೆ, ಸಂಶಯವಿಲ್ಲ. ಪೊರೆ ಬದಲಿಸದೆ, ವಿದ್ಯುತ್ ಇಲ್ಲದೆ, ಟೆಂಡರ್ ಮುಗಿದು ಬೀಗ ಬಿದ್ದ ಘಟಕದ ಮಾತು ಬಿಡಿ. ಚೆನ್ನಾಗಿ ನಡೆಯುವ ಘಟಕದ ನೀರು ಕೂಡ ಮನೆಯಲ್ಲಿ ಕುಡಿಯುವ ಬಿಂದಿಗೆಗೆ ಹೋಗುತ್ತದೆ, ಅಡುಗೆಗೆ ನಲ್ಲಿಯ ಬೋರ್ ನೀರೇ. ದುಡ್ಡು ಕೊಟ್ಟು, ಹೊತ್ತು ತಂದ ಫಿಲ್ಟರ್ ನೀರನ್ನು ಬೇಳೆ ಬೇಯಿಸಲು ಸುರಿಯಲು ಯಾರಿಗೂ ಕೈ ಬರುವುದಿಲ್ಲ, ಅದರಲ್ಲಿ ತಾಯಂದಿರ ತಪ್ಪೇನೂ ಇಲ್ಲ. ದೊಡ್ಡವರಿಗೆ ಈ ವಿಭಜನೆಯಿಂದ ಒಂದಷ್ಟು ಪ್ರಯೋಜನವಿದೆ, ಅವರು ಲೋಟದಲ್ಲಿ ಕುಡಿಯುವುದು ಹೆಚ್ಚು. ಗಂಜಿಯಲ್ಲೇ ನೀರು ಕುಡಿಯುವ ಮಗುವಿಗೆ ಏನೂ ದಕ್ಕುವುದಿಲ್ಲ. ಜಲಜೀವನ್ ಮಿಷನ್ 2019ರಿಂದ ಮನೆಮನೆಗೆ ನಲ್ಲಿ ಹಾಕಿಸುತ್ತಿದೆ. ನಲ್ಲಿಯ ಇನ್ನೊಂದು ತುದಿಯಲ್ಲಿ ಅದೇ ಕೊಳವೆಬಾವಿ ಇದ್ದರೆ ನೀರು ಹೊರುವ ಕಷ್ಟ ಕಡಿಮೆಯಾದೀತು, ರಕ್ತಕ್ಕೆ ಸೇರುವ ಫ್ಲೋರೈಡ್ ಕಡಿಮೆಯಾಗದು. ಆರ್‌ಒ ನೀರಿನಲ್ಲಿ ಸತ್ವವೇ ಇರುವುದಿಲ್ಲ ಎಂಬ ದೂರೂ ಕೇಳಿಬರುತ್ತದೆ. ಕ್ಯಾಲ್ಸಿಯಂ ಸಹ ಅದರಲ್ಲಿ ಸೋಸಿಹೋಗುವುದು ನಿಜ. ಆದರೆ ರಾಗಿ ತಿನ್ನುವ ಸೀಮೆಯಲ್ಲಿ ಮಗು ಕ್ಯಾಲ್ಸಿಯಂಗಾಗಿ ನೀರನ್ನು ನಂಬಿ ಕೂರಬೇಕಿಲ್ಲ.

ದೂರದ ಪರಿಹಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಮರುಪೂರಣಕ್ಕೆ, ನೇರ ಕುಡಿಯಲಿಕ್ಕಲ್ಲ, ಅದರ ಗುಣಮಟ್ಟದ ವಿವಾದ ಬೇರೆಯೇ ಇದೆ. ಬಯಲುಸೀಮೆಗೆ ಕುಡಿಯುವ ನೀರು ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಉದ್ಘಾಟನೆಯಾಯಿತು. ಶಾಶ್ವತ ನೀರಾವರಿಗಾಗಿ ಬಯಲುಸೀಮೆಯ ಜನ ದಶಕಗಳಿಂದ ನಡೆಸಿರುವ ಹೋರಾಟ ನ್ಯಾಯವಾದದ್ದೇ. ಆದರೆ ಇಂದು ಆರು ತಿಂಗಳಾದ ಮಗುವಿನ ಬಾಚಿಹಲ್ಲು ಕಾಲುವೆ ಬರುವವರೆಗೆ ಕಾಯುವುದಿಲ್ಲ. ಮೂರೂವರೆ ವರ್ಷ ಕಳೆದರೆ ಅದರ ಎನಾಮಲ್ಲಿನ ಕೆಲಸ ಬಹುಪಾಲು ಮುಗಿದಿರುತ್ತದೆ.

ಕೊನೆಗೆ, ಹಲ್ಲಿನ ಕಲೆ ಅಂದಚಂದದ ವಿಷಯ, ಅದಕ್ಕೆ ಇಷ್ಟು ಗದ್ದಲವೇ ಎನ್ನುವವರಿಗೆ ಒಂದು ಮಾತು. ಸೌಮ್ಯವಾದ ಕಲೆ ನೋಟದ ಸಮಸ್ಯೆಯೇ ಸರಿ. ಅಂಥ ಹಲ್ಲು ಅಗಿಯಲು ಏನೂ ಕಡಿಮೆಯಲ್ಲ, ದಂತವೈದ್ಯರು ಮೇಲ್ಪದರವನ್ನು ನವಿರಾಗಿ ಉಜ್ಜಿ ತೆಗೆದು ಅಥವಾ ಹಲ್ಲಿನ ಬಣ್ಣದ ಲೇಪ ಹಾಕಿ ಅದನ್ನು ಸಾಕಷ್ಟು ಮಸುಕಾಗಿಸಬಲ್ಲರು. ಆದರೆ ಬಾಚಿಹಲ್ಲಿನ ಮೊಗ್ಗಿಗೆ ಹೋದ ರಕ್ತ ಬೇರೆಯದೇನೂ ಅಲ್ಲ. ಅದೇ ರಕ್ತ ಬೆನ್ನುಮೂಳೆಗೂ ಮೊಣಕಾಲಿಗೂ ಹೋಗಿದೆ. ಮೈಯಲ್ಲಿ ಉಳಿಯುವ ಫ್ಲೋರೈಡಿನಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲಿನಲ್ಲೇ ಇರುತ್ತದೆ. ಫ್ಲೋರೈಡ್ ತೀರಾ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕೀಲು ಬಿಗಿಯುವುದು, ಬೆನ್ನು ಬಾಗದಿರುವುದು ನಡುವಯಸ್ಸಿನಲ್ಲಿ ಕಾಣಿಸುತ್ತದೆ. ಮೂಳೆಯ ಕೇಡು ಕಣ್ಣಿಗೆ ಕಾಣಲು ದಶಕಗಳು ಬೇಕು, ಹಲ್ಲಿನದು ಏಳನೆಯ ವರ್ಷಕ್ಕೇ ಕಾಣುತ್ತದೆ. ಒಂದು ಊರಿನ ಎರಡನೆಯ-ಮೂರನೆಯ ತರಗತಿಯ ಮಕ್ಕಳ ಬಾಚಿಹಲ್ಲು ನೋಡಿದರೆ ಆ ಊರಿನ ಐದಾರು ವರ್ಷ ಹಿಂದಿನ ನೀರಿನ ವರದಿ ಓದಿದಂತಾಗುತ್ತದೆ. ಶಾಲಾ ಆರೋಗ್ಯ ತಪಾಸಣೆಗೆ ಬರುವವರು ಹುಳುಕು ಹಲ್ಲನ್ನಷ್ಟೇ ಎಣಿಸಿ ಹೋಗುವ ಬದಲು ಇದನ್ನೂ ಊರುವಾರು ಬರೆದಿಟ್ಟರೆ ಯಾವ ಕೊಳವೆಬಾವಿಯ ನೀರನ್ನು ಮೊದಲು ಪರೀಕ್ಷಿಸಬೇಕೆಂದು ಪಂಚಾಯಿತಿಗೆ ತಿಳಿಯುತ್ತದೆ.

ಮಾಡಬೇಕಾದದ್ದು ದೊಡ್ಡದೇನೂ ಅಲ್ಲ. ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಪುಷ್ಟಿ ಪುಡಿ ಮನೆಗೆ ಹೋಗುತ್ತದೆ; ಅದನ್ನು ಯಾವ ನೀರಿನಲ್ಲಿ ಕಲಸಿ ಬೇಯಿಸಬೇಕೆಂಬ ಮಾತನ್ನು ಪೊಟ್ಟಣದ ಜೊತೆ ಹೇಳಿ ಕಳಿಸಬೇಕು. ಅಂಥ ಮಗುವಿರುವ ಮನೆಗೆ ಘಟಕದಿಂದ ದಿನಕ್ಕೆ ಐದು ಲೀಟರ್ ನೀರನ್ನು ಪಂಚಾಯಿತಿ ಉಚಿತವಾಗಿ ಕೊಟ್ಟರೆ ಆಗುವ ಖರ್ಚು ಅತ್ಯಲ್ಪ. ಅಂಗನವಾಡಿಯ ಅಡುಗೆಯೂ ಅದೇ ನೀರಿನಲ್ಲಿ ಆಗಬೇಕು. ಊರಿನ ಬೋರ್ ನೀರಿನಲ್ಲಿ ಲೀಟರಿಗೆ ಎಷ್ಟು ಮಿಲಿಗ್ರಾಂ ಫ್ಲೋರೈಡ್ ಇದೆ ಎಂಬ ಅಂಕಿಯನ್ನು ನೀರಿನ ಟ್ಯಾಂಕಿನ ಗೋಡೆಯ ಮೇಲೆ ಬರೆಸಿ ಎಂದು ಗ್ರಾಮಸಭೆಯಲ್ಲಿ ಕೇಳಿ. ಕೇಳುವ ಹಕ್ಕು ನಿಮಗಿದೆ. ಅದು ಆಗುವವರೆಗೆ, ಮನೆಗೆ ತಂದ ಕ್ಯಾನಿನಿಂದ ಮೊದಲು ಮಗುವಿನ ಗಂಜಿಗೆ ಬೇಕಾದ ನೀರು ತೆಗೆದಿಡಿ, ಉಳಿದದ್ದನ್ನು ದೊಡ್ಡವರು ಕುಡಿಯಿರಿ.